ಸ್ನೇಹಿತನ ವಸ್ತುವನ್ನು ಕದ್ದ ಮಗು

ಮಕ್ಕಳನ್ನು ಬೆಳೆಸುವವರಿಗೆ ಒದಗುವ ಕಷ್ಟಗಳಲ್ಲಿ ಒಂದನ್ನು ಕುರಿತು ಈ ಪಾಠದಲ್ಲಿ ಆಲೋಚಿಸೋಣ. ಕೃಷ್ಣರಾಜಪುರದ ಹುಡುಗನೊಬ್ಬನು ಇಂದಿರಾನಗರದಲ್ಲಿರುವ ಸಹಪಾಠಿಯ ಮನೆಗೆ ಆಟಕ್ಕೆ ಹೋದನೆಂದು ಇಟ್ಟುಕೊಳ್ಳೋಣ. ಸಾಯಂಕಾಲ ಅವನ ಚೀಲದಲ್ಲಿ ಆ ಸ್ನೇಹಿತನ ಕೈಗಡಿಯಾರವು ತಾಯಿಗೆ ಸಿಕ್ಕಿತು. ಆಕೆಯು ಏನು ಮಾಡತಕ್ಕದ್ದು?

ಕೆಲವರು ಕೋಲು ಹಿಡಿದು, ಬೀದಿಗೆಲ್ಲಾ ಕೇಳುವ ಹಾಗೆ "ಕಳ್ಳ" ಎಂದು ಕೂಗುತ್ತಾರೆ. ಇದರಿಂದ ಮಗುವು ಕಳ್ಳತನವನ್ನು ಬಿಡುವದಕ್ಕಿಂತ ಮೊದಲು ಸುಳ್ಳನ್ನು ಕಲಿಯುತ್ತದೆ. ಬೇರೆ ಕೆಲವರು ಮಾನಕ್ಕೆ ಅಂಜಿ, "ನಾಳೆ ಯಾರಿಗೂ ಕಾಣದಂತೆ ಇದ್ದಲ್ಲಿಯೇ ಇಟ್ಟು ಬಾ" ಅನ್ನುತ್ತಾರೆ. ಇದು ಸುಲಭವಾಗಿ ತೋರುತ್ತದೆ. ಆದರೆ ಆ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬಳಿದ್ದಾಳೆ. ಗಡಿಯಾರವು ಕಾಣದೆ ಹೋದಾಗ ಸಂಶಯವು ಯಾರ ಮೇಲೆ ಬೀಳುವದು? ನಮ್ಮಂಥ ಕುಟುಂಬಗಳ ಎಷ್ಟೋ ತಾಯಂದಿರು ಇಂಥ ಕೆಲಸದಿಂದಲೇ ಮಕ್ಕಳನ್ನು ಸಾಕುತ್ತಾರೆ. ಗಡಿಯಾರವು ತಿರಿಗಿ ಸಿಕ್ಕಿದರೂ ಆಕೆಯ ಹೆಸರಿಗೆ ತಗಲಿದ ಮಸಿ ಹೋಗದು. ಆದದರಿಂದ ವಸ್ತುವನ್ನು ಹಿಂದಕ್ಕೆ ಕೊಟ್ಟರೆ ಸಾಲದು. ಸತ್ಯವನ್ನೂ ಬಾಯಿಬಿಟ್ಟು ಹೇಳಬೇಕು.

1. ವಿಚಾರಿಸುವ ರೀತಿ. ವಿಷಯವು ನಮಗೆ ತಿಳಿದಿರುವಾಗ "ಕದ್ದೆಯಾ?" ಎಂದು ಕೇಳಬಾರದು, ಆ ಪ್ರಶ್ನೆಯು ಸುಳ್ಳಿಗೆ ಬಾಗಿಲು ತೆರೆಯುತ್ತದೆ. "ಮಗನೇ, ಈ ಗಡಿಯಾರ ನಿನ್ನ ಸ್ನೇಹಿತನದು. ಇದು ನಿನ್ನ ಹತ್ತಿರ ಹೇಗೆ ಬಂತು, ಹೇಳಪ್ಪಾ" ಎಂದು ಶಾಂತವಾಗಿ ಕೇಳಬೇಕು. ಆಶೆಯೋ, ಹೊಟ್ಟೆಕಿಚ್ಚೋ, ದೊಡ್ಡ ಹುಡುಗರ ಒತ್ತಾಯವೋ, ಕಾರಣವನ್ನು ಅರಿಯದೆ ಮದ್ದು ಕೊಡಲಾಗದು. ಎಳೆಯ ಮಗುವಿಗೆ ನನ್ನದು ನಿನ್ನದೆಂಬ ಭೇದವೇ ಇನ್ನೂ ಚೆನ್ನಾಗಿ ತಿಳಿದಿರುವದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಏಳು ವರುಷ ತುಂಬದ ಮಗುವಿನ ಕೃತ್ಯವನ್ನು ಅಪರಾಧವೆಂದು ಎಣಿಸುವದಿಲ್ಲ.

2. ಹಿಂದಕ್ಕೆ ಕೊಡುವದು. ತಾಯಿಯಾಗಲಿ ತಂದೆಯಾಗಲಿ ಜೊತೆಯಲ್ಲಿ ಹೋಗಬೇಕು. ಮಾತು ಮಾತ್ರ ಮಗುವಿನದೇ ಆಗಿರಬೇಕು. "ಅಮ್ಮಾ, ಇದನ್ನು ನಾನೇ ತೆಗೆದುಕೊಂಡೆ, ತಪ್ಪಾಯಿತು. ಬೇರೆ ಯಾರೂ ಮುಟ್ಟಲಿಲ್ಲ." ಈ ಕಡೆಯ ಮಾತನ್ನು ಮರೆಯಕೂಡದು. ವಸ್ತುವು ಮುರಿದಿದ್ದರೆ ಅದರ ಬೆಲೆಯನ್ನು ತನ್ನ ತಿಂಡಿಯ ಕಾಸಿನಿಂದ ಸ್ವಲ್ಪಸ್ವಲ್ಪವಾಗಿ ತೀರಿಸಲಿ. ಯೆರಿಕೋವಿನ ಜಕ್ಕಾಯನು ಬರೀ ದುಃಖಪಟ್ಟು ಸುಮ್ಮನಿರದೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುವದಾಗಿ ಹೇಳಿದನಲ್ಲವೇ?

3. ಅಂದಿಗೇ ಮುಗಿಸುವದು. ಮೋಹನದಾಸ ಗಾಂಧಿಯವರು ಸುಮಾರು ಹದಿನೈದನೆಯ ವಯಸ್ಸಿನಲ್ಲಿ, ಅಣ್ಣನ ಸಾಲ ತೀರಿಸುವದಕ್ಕಾಗಿ ಅಣ್ಣನದೇ ಬಂಗಾರದ ಕಡಗದಿಂದ ಒಂದು ಚೂರನ್ನು ಕದ್ದರು. ಮನಸ್ಸು ತಾಳದೆ, ತಪ್ಪನ್ನು ಬರೆದು, ಶಿಕ್ಷೆಯನ್ನೂ ಬೇಡಿ, ಹಾಸಿಗೆ ಹಿಡಿದಿದ್ದ ತಂದೆಯ ಕೈಗೆ ಕೊಟ್ಟರು. ತಂದೆಯು ಓದಿ, ಕಣ್ಣೀರು ಸುರಿಸಿ, ಕಾಗದವನ್ನು ಹರಿದುಬಿಟ್ಟರು. ಹೊಡೆಯಲಿಲ್ಲ. ಆ ಕಣ್ಣೀರನ್ನು ಮಗನು ಬದುಕಿರುವ ತನಕ ಮರೆಯಲಿಲ್ಲ. ನಾವೂ ಒಪ್ಪಿಕೊಂಡ ತಪ್ಪನ್ನು ನೆಂಟರ ಮುಂದೆ ಮತ್ತೆಮತ್ತೆ ಎತ್ತಬಾರದು. ನಷ್ಟಪಟ್ಟ ಮನೆಯವರು ಆ ಹುಡುಗನನ್ನು ಪುನಃ ಆಟಕ್ಕೆ ಕರೆದರೆ ಅದಕ್ಕಿಂತ ದೊಡ್ಡ ಉಪದೇಶವಿಲ್ಲ.

ಇಷ್ಟಾದರೂ ಕದಿಯುವದು ನಿಲ್ಲದಿದ್ದರೆ ನಾಚಿಕೆಪಡದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ತೋರಿಸಬೇಕು. ಶಾಲೆಯಲ್ಲಿ ನಡೆದದ್ದಾದರೆ ಉಪಾಧ್ಯಾಯರೂ ಕೋಲೆತ್ತುವಂತಿಲ್ಲ; 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಅದನ್ನು ನಿಷೇಧಿಸಿದೆ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:
1. ನಮ್ಮ ಮಗುವು ತಪ್ಪನ್ನು ನಮಗೆ ಹೇಳುವದಕ್ಕೆ ಹೆದರುತ್ತದೋ? ಯಾಕೆ?
2. ನಮ್ಮ ಮಾನ ಉಳಿಸುವದಕ್ಕಾಗಿ ನಾವು ಮೌನವಾಗಿದ್ದು, ನಿರಪರಾಧಿಯೊಬ್ಬರು ನಿಂದೆ ಹೊತ್ತದ್ದುಂಟೋ?