ನಮ್ಮ ಬೀದಿಯೂ ನಮ್ಮ ವ್ಯಾಯಾಮವೂ

ದೇಹಕ್ಕೆ ವ್ಯಾಯಾಮವು ಅವಶ್ಯವೆಂಬುದನ್ನು ಶಾಲೆಯ ಡ್ರಿಲ್ ಮೈದಾನದಲ್ಲಿ ಸಾಲಾಗಿ ನಿಂತ ಯಾವ ಹಳೆಯ ವಿದ್ಯಾರ್ಥಿನಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಹಾಗಿದ್ದರೂ ಶಾಲೆ ಬಿಟ್ಟ ಕೆಲವೇ ವರ್ಷಗಳಲ್ಲಿ ಅನೇಕರ ನಡಿಗೆಯು ಅಡಿಗೆಮನೆಗೂ ಹಜಾರಕ್ಕೂ ನಡುವೆ ಮಾತ್ರ ಉಳಿಯುವುದೇಕೆ? ಸೋಮಾರಿತನವೆಂದು ಉತ್ತರ ಕೊಡುವುದು ಸುಲಭ. ಮನೆಯ ಗಂಡಸರಿಗಂತೂ ಬಹಳ ಸುಲಭ. ಆದರೆ ಒಬ್ಬರು ಎಷ್ಟು ನಡೆಯುವರೆಂಬುದು ಅವರ ಸಂಕಲ್ಪದಂತೆಯೇ ಅವರು ವಾಸಿಸುವ ಸ್ಥಳವನ್ನೂ ಅವಲಂಬಿಸಿರುವುದೆಂದು ಶಾಸ್ತ್ರಜ್ಞರು ಕಂಡುಕೊಂಡಿರುವರು.

ಸುತ್ತಲಿನ ಏರ್ಪಾಡು ದೇಹವನ್ನು ಹೇಗೆ ಆಳುವುದೆಂಬುದಕ್ಕೆ ಲಂಡನ್ನಿನ ಎರಡಂತಸ್ತಿನ ಬಸ್ಸುಗಳು ಪ್ರಸಿದ್ಧವಾದ ನಿದರ್ಶನ. ಅವುಗಳ ಚಾಲಕನು ದಿನವೆಲ್ಲ ಕುಳಿತಿರುತ್ತಿದ್ದನು. ಕಂಡಕ್ಟರನೋ ಟಿಕೆಟು ಕೊಡುವುದಕ್ಕಾಗಿ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕಾಗಿತ್ತು. ಜೆರ್ರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1953ರಲ್ಲಿ ಪ್ರಕಟಿಸಿದ ಲೇಖನದಂತೆ, ಕಂಡಕ್ಟರರಿಗೆ ಹೃದ್ರೋಗವು ಚಾಲಕರಿಗಿಂತ ಕಡಮೆಯಾಗಿತ್ತು. ಚಾಲಕರು ಮೊದಲಿನಿಂದಲೇ ಸ್ಥೂಲಕಾಯರಾಗಿದ್ದಿರಬಹುದೆಂಬ ಸಂದೇಹ ಹುಟ್ಟಲು, ಅದೇ ಪಂಡಿತರು ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಆ ಸಂದೇಹದಲ್ಲಿಯೂ ಸ್ವಲ್ಪ ಸತ್ಯವಿತ್ತು. ಅದು ಹೇಗೇ ಇರಲಿ, ಕಂಡಕ್ಟರನಿಗೆ ವ್ಯಾಯಾಮ ಮಾಡೆಂದು ಯಾರೂ ಬೋಧಿಸಿರಲಿಲ್ಲ. ಮೆಟ್ಟಿಲಿತ್ತು, ಹತ್ತಿದನು.

ಪ್ರಾಪ್ತವಯಸ್ಕರು ವಾರಕ್ಕೆ 150 ನಿಮಿಷಗಳಾದರೂ ಚುರುಕಾಗಿ ನಡೆಯುವಷ್ಟು ಶ್ರಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2022ನೆಯ ವರ್ಷದ ಅಂದಾಜಿನಂತೆ ಭಾರತದಲ್ಲಿ ಗಂಡಸರಲ್ಲಿ ನೂರಕ್ಕೆ ಸುಮಾರು 42 ಮಂದಿಗೂ, ಹೆಂಗಸರಲ್ಲಿ ಸುಮಾರು 57 ಮಂದಿಗೂ ಅಷ್ಟು ಶ್ರಮವಿರಲಿಲ್ಲ. ಈ ಅಂತರವನ್ನು ಕೇವಲ ಸ್ವಭಾವದ ಮೇಲೆ ಹೊರಿಸುವುದು ನ್ಯಾಯವಲ್ಲ.

ಬೀದಿಯನ್ನೇ ನೋಡೋಣ. ಕಾಲುದಾರಿಯಲ್ಲಿ ನಡೆಯುವುದಕ್ಕೆ ಅಡ್ಡಿಯಿಲ್ಲದ 1.8 ಮೀಟರು, ಎಂದರೆ ಸುಮಾರು 6 ಅಡಿ, ಅಗಲವಾದರೂ ಇರಬೇಕೆಂದೂ, ಅದರ ಅಂಚು ರಸ್ತೆಯಿಂದ 15 ಸೆಂಟಿಮೀಟರಿಗಿಂತ ಎತ್ತರವಿರಕೂಡದೆಂದೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 2012ರ ಮಾರ್ಗಸೂಚಿಯಲ್ಲಿ ಹೇಳಿರುವುದು. ಇದು ಇಬ್ಬರು ಎದುರುಬದುರಾಗಿ ಸುಖವಾಗಿ ದಾಟುವಷ್ಟು ಅಗಲ. ಮೊಣಕಾಲು ನೋವಿನ ಅಜ್ಜಿಯೂ ಏರಬಹುದಾದ ಎತ್ತರ. ನಮ್ಮ ಪಟ್ಟಣಗಳಲ್ಲಿ ಇಷ್ಟು ಜಾಗವು ಇದ್ದಲ್ಲಿಯೂ ಅದರ ಮೇಲೆ ವಿದ್ಯುತ್ ಪೆಟ್ಟಿಗೆ, ಜಲ್ಲಿಯ ರಾಶಿ, ನಿಲ್ಲಿಸಿದ ಸ್ಕೂಟರುಗಳು. ಹಾಸುಗಲ್ಲು ಕಿತ್ತಲ್ಲಿ ಕೆಳಗಿನ ಚರಂಡಿಯು ಬಾಯ್ದೆರೆದಿರುವುದು. ಹೀಗಿರಲು ಅಜ್ಜಿಯು ಮೊದಲು ರಸ್ತೆಗಿಳಿಯುವಳು. ಒಮ್ಮೆ ಎಡವಿ ಬಿದ್ದಳೆಂದರೆ ಆಮೇಲೆ ಮನೆಯಿಂದ ಹೊರಗೇ ಬಾರಳು.

ಹುಡುಗಿಯರ ವಿಷಯವು ಇನ್ನೂ ಗಂಭೀರವಾದುದು. 11ರಿಂದ 17 ವರ್ಷದವರಿಗೆ ದಿನಕ್ಕೆ ಒಂದು ಗಂಟೆಯ ಆಟ ಓಟ ಬೇಕೆಂದಿದ್ದರೂ, 2016ರಲ್ಲಿ ಲೋಕದಾದ್ಯಂತ ಹುಡುಗರಲ್ಲಿ ನೂರಕ್ಕೆ 78 ಮಂದಿಗೂ, ಹುಡುಗಿಯರಲ್ಲಿ 85 ಮಂದಿಗೂ ಅದು ದೊರೆತಿರಲಿಲ್ಲ. ಬಡಾವಣೆಯಲ್ಲಿ ಬಯಲಿದ್ದರೂ ಸಂಜೆ ಅದು ಹುಡುಗರ ಕ್ರಿಕೆಟ್ಟಿಗೆ ಮೀಸಲು. ದೀಪವಿಲ್ಲದ ತಿರುವೊಂದು ಸಾಕು, ತಾಯಿಯು ಮಗಳನ್ನು ಆಟೋರಿಕ್ಷಾದಲ್ಲಿ ಕಳುಹಿಸುವಳು. ತಾಯಿಯದು ತಪ್ಪೆಂದು ನಾನು ಹೇಳಲಾರೆ. ಆದರೆ ಆ ಒಂದು ದೀಪವು ಮಗಳ ಪ್ರತಿದಿನದ ನಡಿಗೆಯನ್ನು ಕಸಿದುಕೊಂಡಿತು.

ಸುತ್ತುಮುತ್ತಲೆಂದರೆ ಕಲ್ಲು ಮಣ್ಣು ಮಾತ್ರವಲ್ಲ, ಜನರೂ ಹೌದು. ಬಿಹಾರದಲ್ಲಿ 2006ರಿಂದ 9ನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಬೈಸಿಕಲ್ಲು ಕೊಳ್ಳಲು ಸರಕಾರವು ಹಣ ಕೊಡಲಾರಂಭಿಸಿತು. ಪ್ರೌಢಶಾಲೆಗೆ ಬರುವ ಹುಡುಗಿಯರ ಸಂಖ್ಯೆಯು ಏರಿತು, ಶಾಲೆಯಿಂದ ದೂರವಿದ್ದ ಹಳ್ಳಿಗಳಲ್ಲಿ ವಿಶೇಷವಾಗಿ ಏರಿತು. ಒಬ್ಬಳೇ ಹೋದರೆ ನಾಲ್ಕು ಮಂದಿ ತಿರುಗಿ ನೋಡುವ ದಾರಿಯಲ್ಲಿ ಹತ್ತು ಮಂದಿ ಗಂಟೆ ಬಾರಿಸುತ್ತ ಹೋದರೆ ನೋಡುವವರಿಗೆ ಅಭ್ಯಾಸವಾಗುವುದು. ಕರ್ನಾಟಕದಲ್ಲಿಯೂ 2006-07ರಿಂದ ಅನೇಕ ವರ್ಷಗಳ ಕಾಲ 8ನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಲಾಯಿತು.

ದೊಡ್ಡ ನಗರಕ್ಕೂ ಇದು ಅಸಾಧ್ಯವಲ್ಲ. ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ 1974ರಿಂದ ನಡೆದುಬಂದಿರುವ ಏರ್ಪಾಡಿನಂತೆ, ಭಾನುವಾರವೂ ರಜಾದಿನಗಳಲ್ಲಿಯೂ ನೂರಕ್ಕೂ ಹೆಚ್ಚು ಕಿಲೋಮೀಟರು ಬೀದಿಗಳನ್ನು ಕೆಲವು ಗಂಟೆಗಳ ಕಾಲ ಮೋಟಾರುಗಳಿಗೆ ಮುಚ್ಚಿ, ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡುವರು.

ತಂದೆತಾಯಿಗಳು ಮಗಳ ಸಂಗಡ ಮನೆಯಿಂದ ಶಾಲೆಯವರೆಗೆ ಒಂದು ದಿನ ನಡೆದುನೋಡಲಿ. ಅವಳು ಎಲ್ಲೆಲ್ಲಿ ಕಾಲುದಾರಿಯನ್ನು ಬಿಟ್ಟು ರಸ್ತೆಗಿಳಿದಳು, ಎಲ್ಲಿ ಹೆಜ್ಜೆಯನ್ನು ಚುರುಕುಮಾಡಿದಳು, ಎಂಬುದನ್ನು ಕಾಗದದಲ್ಲಿ ಗುರುತುಮಾಡಿಕೊಂಡು, ನಾಲ್ಕಾರು ನೆರೆಯವರ ಸಹಿಯೊಡನೆ ಪುರಸಭೆಗೆ ಕೊಡಲಿ. ಕೆಟ್ಟ ದೀಪದ ಕಂಬದ ಸಂಖ್ಯೆಯನ್ನು ಅದರಲ್ಲಿ ತಪ್ಪದೆ ಬರೆಯಬೇಕು. ಸಂಖ್ಯೆಯಿಲ್ಲದ ಅರ್ಜಿಯನ್ನು ಬದಿಗಿಡುವುದು ಕಚೇರಿಯವರಿಗೆ ಬಲು ಸುಲಭ.