ಬೆಳೆದರೂ ಮರಿಯಂತಿರುವ ಆಕ್ಸೊಲಾಟಲ್



ಪ್ರಥಮ ಪಿಯುಸಿಯಲ್ಲಿ ಉಭಯವಾಸಿಗಳಿಗೆ ಉದಾಹರಣೆ ಕೊಡುವಾಗ ಕಪ್ಪೆಯ ಜೊತೆ ಸಾಲಮಾಂಡರ್ ಎಂದೂ ಬರೆಯುತ್ತೇವೆ. ಬಾಲವಿರುವ ಈ ಉಭಯವಾಸಿ ಕರ್ನಾಟಕದಲ್ಲಿಲ್ಲ, ಆದ್ದರಿಂದ ನಮಗೆ ಅದು ಬರೀ ಹೆಸರು. ಜೀವನವಿಡೀ ನೀರಿನಲ್ಲೇ ಇರುವ ಒಂದು ಸಾಲಮಾಂಡರನ್ನು ಇಲ್ಲಿ ಪರಿಚಯ ಮಾಡಿಕೊಳ್ಳೋಣ. ಅದು ಮೆಕ್ಸಿಕೊ ದೇಶದ ಸೊಚಿಮಿಲ್ಕೊ ಕಾಲುವೆಗಳ ಆಕ್ಸೊಲಾಟಲ್.

ರೂಪಪರಿವರ್ತನೆ ಏಕಿಲ್ಲ?

ಗೊದಮೊಟ್ಟೆ ಬೆಳೆದು ಕಪ್ಪೆಯಾಗುವಾಗ ಕಿವಿರು ಕಳೆದುಕೊಳ್ಳುತ್ತದೆ. ಆಕ್ಸೊಲಾಟಲ್ ಹಾಗಲ್ಲ. ಸುಮಾರು ಒಂದು ವರ್ಷಕ್ಕೆ ಪ್ರೌಢವಾಗಿ ಮೊಟ್ಟೆಯಿಟ್ಟರೂ ತಲೆಯ ಎರಡೂ ಬದಿಯ ಗರಿಯಂಥ ಕಿವಿರುಗಳು ಹಾಗೇ ಇರುತ್ತವೆ. ಮರಿಯ ಲಕ್ಷಣ ಉಳಿಸಿಕೊಂಡೇ ಪ್ರೌಢವಾಗುವ ಇದಕ್ಕೆ ನಿಯೋಟೆನಿ ಎನ್ನುತ್ತಾರೆ.

ಕಾರಣ ನಮ್ಮ ಹಾರ್ಮೋನು ಪಾಠದಲ್ಲೇ ಇದೆ. ಪಿಟ್ಯುಟರಿಯಿಂದ ಥೈರಾಯ್ಡ್ ಗ್ರಂಥಿಗೆ ಸಾಕಷ್ಟು ಪ್ರಚೋದನೆ ಸಿಗದೆ ಥೈರಾಕ್ಸಿನ್ ಮಟ್ಟ ಕಡಿಮೆ ಇರುತ್ತದೆ. ಥೈರಾಕ್ಸಿನ್ ಕೊಟ್ಟರೆ ಕಿವಿರು ಕರಗಿ, ಬಾಲದ ರೆಕ್ಕೆ ಕುಗ್ಗಿ, ಕಣ್ಣಿಗೆ ರೆಪ್ಪೆ ಬಂದು ಪ್ರಾಣಿ ನೆಲಕ್ಕೆ ಹತ್ತುತ್ತದೆ. 1865ರಲ್ಲಿ ಪ್ಯಾರಿಸ್‌ನಲ್ಲಿ ಸಾಕಿದ್ದ ಕೆಲವು ಮರಿಗಳು ತಾವಾಗಿಯೇ ಹೀಗೆ ಬದಲಾದಾಗ ಅಲ್ಲಿನ ಪ್ರಾಣಿಶಾಸ್ತ್ರಜ್ಞ ಆಗಸ್ಟ್ ಡ್ಯುಮೆರಿಲ್ ಬೆರಗಾದರು.

ನಡವಳಿಕೆ

ಹುಳು, ಸಣ್ಣ ಮೀನು ಹತ್ತಿರ ಬಂದಾಗ ಥಟ್ಟನೆ ಬಾಯಿ ತೆರೆಯುತ್ತದೆ, ನುಗ್ಗುವ ನೀರಿನೊಡನೆ ಬೇಟೆಯೂ ಒಳಗೆ ಬರುತ್ತದೆ. ಶ್ವಾಸಕೋಶವೂ ಇರುವುದರಿಂದ ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ಗಂಡು ವೀರ್ಯದ ಪೊಟ್ಟಣವನ್ನು ತಳದಲ್ಲಿ ಬಿಡುತ್ತದೆ, ಹೆಣ್ಣು ಅದನ್ನು ತನ್ನ ಕ್ಲೋಯಕಾದೊಳಗೆ ಎತ್ತಿಕೊಳ್ಳುತ್ತದೆ. ಹೀಗೆ ಕೂಡದೆಯೇ ದೇಹದೊಳಗೆ ನಿಷೇಚನ ನಡೆಯುತ್ತದೆ.

ಒತ್ತಾಗಿ ಬೆಳೆಯುವ ಮರಿಗಳು ಒಂದರ ಕಾಲನ್ನು ಒಂದು ಕಚ್ಚಿ ತಿನ್ನುವುದುಂಟು. ಹೋದ ಕಾಲು ಮೂಳೆ, ಸ್ನಾಯು, ನರಗಳ ಸಮೇತ ಮತ್ತೆ ಬೆಳೆಯುತ್ತದೆ. ಗಾಯದ ತುದಿಯಲ್ಲಿ ಸೇರುವ ಬ್ಲಾಸ್ಟಿಮಾ ಎಂಬ ಕೋಶಗಳ ಗುಂಪು ಈ ಕೆಲಸ ಮಾಡುತ್ತದೆ. ಇದನ್ನು ತಿಳಿಯಲೆಂದೇ ಪ್ರಪಂಚದ ಅನೇಕ ಪ್ರಯೋಗಾಲಯಗಳು ಆಕ್ಸೊಲಾಟಲ್ ಸಾಕುತ್ತವೆ.

ಇಂದಿನ ಸ್ಥಿತಿ

ಪ್ರಯೋಗಾಲಯಗಳಲ್ಲಿ ಸಾವಿರಾರು ಇದ್ದರೂ ತವರಿನಲ್ಲಿ ಇದು ಅಳಿವಿನಂಚಿಗೆ ಬಂದಿದೆ. ಸೊಚಿಮಿಲ್ಕೊದಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು, 2014ರ ಎಣಿಕೆಗೆ ಸಿಕ್ಕದ್ದು ಸುಮಾರು 36. ಮೆಕ್ಸಿಕೊ ನಗರದ ಕೊಳಚೆ ಕಾಲುವೆ ಸೇರಿತು. ಜನರ ಆಹಾರಕ್ಕೆಂದು ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಮೊಟ್ಟೆ, ಮರಿಗಳನ್ನು ತಿಂದವು. ಈಗ ಸಂಶೋಧಕರು ಮತ್ತು ರೈತರು ಸೇರಿ ಹೊಲಗಳ ನಡುವಿನ ಕಿರುಕಾಲುವೆಗಳಿಗೆ ಜಾಲರಿ ಹಾಕಿ, ನೀರು ಶುದ್ಧವಾಗಿಟ್ಟು ಇದಕ್ಕೆ ನೆಲೆ ಒದಗಿಸುತ್ತಿದ್ದಾರೆ.

ಕಳೆದ ಕಾಲನ್ನು ಆಕ್ಸೊಲಾಟಲ್ ತಾನೇ ಬೆಳೆಸಿಕೊಳ್ಳುತ್ತದೆ, ಕೆಟ್ಟ ನೀರನ್ನು ಸರಿಪಡಿಸಬೇಕಾದವರು ಮನುಷ್ಯರೇ.

ಉತ್ತರಿಸಿ ನೋಡಿ

1. ಗೊದಮೊಟ್ಟೆಯ ಥೈರಾಯ್ಡ್ ಗ್ರಂಥಿ ತೆಗೆದರೆ ಏನಾಗಬಹುದು?
2. ಸಾಕಿದ ಆಕ್ಸೊಲಾಟಲ್‌ಗಳನ್ನು ಕಾಲುವೆಗೆ ಬಿಟ್ಟ ಮಾತ್ರಕ್ಕೆ ಸಮಸ್ಯೆ ಏಕೆ ಬಗೆಹರಿಯದು?