ಜೂಲಿಯಾ ಗಣ ಬಿಡಿಸೋಣ, ಹಂತ ಹಂತವಾಗಿ

ಒಂದು ಸಂಖ್ಯೆಗೆ ಒಂದೇ ಸೂತ್ರವನ್ನು ಮತ್ತೆ ಮತ್ತೆ ಹಚ್ಚುತ್ತ ಹೋದರೆ ಅದು ಎಲ್ಲಿಗೆ ಮುಟ್ಟುತ್ತದೆ? ಫ್ರಾನ್ಸಿನ ಗಾಸ್ತೋನ್ ಜೂಲಿಯಾ 1918ರಲ್ಲಿ ಇದರ ಬಗ್ಗೆ ದೀರ್ಘ ಪ್ರಬಂಧ ಪ್ರಕಟಿಸಿದರು. ಪಿಯೆರ್ ಫಾತು ಕೂಡ ಅದೇ ಕಾಲಕ್ಕೆ ಸ್ವತಂತ್ರವಾಗಿ ಇದೇ ದಾರಿಯಲ್ಲಿದ್ದರು. ಇಬ್ಬರಿಗೂ ಕಂಪ್ಯೂಟರ್ ಇರಲಿಲ್ಲ. ನಿಮಗಿದೆ, ಜೊತೆಗೆ ಪಿಯುಸಿ ಗಣಿತ ಸಾಕು.

1. ಸೂತ್ರ ಬರೆದುಕೊಳ್ಳಿ. ಸಂಕೀರ್ಣ ಸಂಖ್ಯೆಯನ್ನು (ಕ, ಖ) ಎಂಬ ಬಿಂದುವಾಗಿ ಗುರುತಿಸಿ. ಅದರ ವರ್ಗದಿಂದ 1 ಕಳೆಯಬೇಕು:
ಹೊಸ ಕ = ಕ² − ಖ² − 1
ಹೊಸ ಖ = 2 × ಕ × ಖ
ಎರಡನೆಯ ಸಾಲಿಗೂ ಹಳೆಯ ಕ ಬೆಲೆಯನ್ನೇ ಬಳಸಿ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

2. ಮೊದಲು ಕೈಲೆಕ್ಕ ಮಾಡಿ. (1.7, 0)ರಿಂದ ಹೊರಟರೆ ಕ ಬೆಲೆ 1.89, 2.57, 5.62 ಎಂದು ಏರುತ್ತಲೇ ಹೋಗುತ್ತದೆ. (1.6, 0)ರಿಂದ ಹೊರಟರೆ 1.56, 1.43, 1.06, 0.11, −0.99 ಎಂದು ಇಳಿದು, ಕೊನೆಗೆ 0 ಮತ್ತು −1ರ ನಡುವೆ ತೂಗುತ್ತದೆ. ಇವೆರಡರ ನಡುವಿನ ಗಡಿ 1.618…, ಅಂದರೆ ಸುವರ್ಣ ಅನುಪಾತ!

3. ಚೌಕಜಾಲ ಹಾಕಿ. ಕ −2ರಿಂದ 2, ಖ −1.5ರಿಂದ 1.5, ಅಂತರ 0.01.

4. ಪ್ರತಿ ಬಿಂದುವನ್ನೂ ಪರೀಕ್ಷಿಸಿ. ಸೂತ್ರವನ್ನು 50 ಸಲ ಹಚ್ಚಿ. ನಡುವೆ ಕ² + ಖ² ನಾಲ್ಕನ್ನು ದಾಟಿದರೆ ಆ ಬಿಂದು ಮರಳಿ ಬರುವುದಿಲ್ಲ, ಅಲ್ಲೇ ನಿಲ್ಲಿಸಿ.

5. ಬಣ್ಣ ಹಚ್ಚಿ. ಉಳಿದ ಬಿಂದುಗಳಿಗೆ ಕಪ್ಪು. ಓಡಿಹೋದವಕ್ಕೆ ಎಷ್ಟನೆಯ ಸುತ್ತಿನಲ್ಲಿ ಹೋದವೋ ಅದರಂತೆ ಬೇರೆ ಬೇರೆ ಬಣ್ಣ. ಕಪ್ಪಿನ ಅಂಚೇ ಜೂಲಿಯಾ ಗಣ.

6. −1ರ ಬದಲು ಬೇರೆ ಸ್ಥಿರಾಂಕ ಕೂಡಿಸಿ. ಚಿತ್ರ ಬಿಡಿಸುವ ಮೊದಲು 0ಯ ಪಯಣವನ್ನಷ್ಟೇ ನೋಡಿ. ಅದು ಸೀಮಿತವಾಗಿ ಉಳಿದರೆ ಗಣ ಒಂದೇ ತುಂಡು. ಓಡಿಹೋದರೆ ಗಣ ಧೂಳಿನಂತೆ ಚದುರಿರುತ್ತದೆ. 1 ಕೂಡಿಸಿದರೆ 0, 1, 2, 5, 26: ಧೂಳೇ ಸರಿ. ಇಡೀ ಚಿತ್ರದ ಸ್ವಭಾವವನ್ನು ಒಂದೇ ಬಿಂದು ಹೇಳಿಬಿಡುತ್ತದೆ! ಫಾತು ಮತ್ತು ಜೂಲಿಯಾ ಸಾಧಿಸಿದ ಈ ಪ್ರಮೇಯ ನನಗೆ ಇಂದಿಗೂ ಬೆರಗು.

7. ಈಗ ಭಾಗಾಕಾರವಿರುವ ಸೂತ್ರಕ್ಕೆ ಬನ್ನಿ. ಸಂಖ್ಯೆಯ ಘನದ ಎರಡರಷ್ಟಕ್ಕೆ 1 ಕೂಡಿಸಿ, ವರ್ಗದ ಮೂರರಷ್ಟರಿಂದ ಭಾಗಿಸಿ. ಇದು 1ರ ಘನಮೂಲ ಹುಡುಕುವ ನ್ಯೂಟನ್ ವಿಧಾನ. ಇದರ ತೊಡಕನ್ನು ಆರ್ಥರ್ ಕೇಲಿ 1879ರಲ್ಲೇ ಗುರುತಿಸಿದ್ದರು. ನಾಲ್ಕನೆಯ ಹಂತದ ಮಿತಿ ಇಲ್ಲಿ ನಡೆಯದು. ಮೂರು ಮೂಲಗಳಲ್ಲಿ ಯಾವುದರ ಹತ್ತಿರ ಬಂದಿತೆಂದು ನೋಡಿ ಮೂರು ಬಣ್ಣ ಕೊಡಿ. ಎರಡೇ ಬಣ್ಣ ತಾಗಿದಂತೆ ಕಂಡಲ್ಲಿ ಅಂತರ ಇನ್ನಷ್ಟು ಕಿರಿದು ಮಾಡಿ. ಮೂರನೆಯದು ಸಿಕ್ಕೇ ಸಿಗುತ್ತದೆ.